ಉಪ್ಪು ತಿಂದ ಕಾರು

ಒಂದಾನೊಂದು ಕಾಲದಲ್ಲಿ, ಕಡ್ಡಿ ಗೀರಿದರೆ ಬೆಂಕಿ ಹುಟ್ಟುತ್ತದೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ, ಒಂದು ಕೆಂಡವಿತ್ತಂತೆ. ಕೆಂಡಕ್ಕೆ ಕಾಲಿಲ್ಲ. ಹಾಗಾಗಿ ಅದು ಹೆಂಗಸರ ಕಾಲನ್ನು ಕಡ ತೆಗೆದುಕೊಂಡು ಊರೂರು ತಿರುಗುತ್ತಿತ್ತಂತೆ. ಅತ್ತೆಯ ಮಡಕೆಯಿಂದ ಸೊಸೆಯ ಮಡಕೆಗೆ, ಆ ಸೊಸೆ ಅತ್ತೆಯಾದ ಮೇಲೆ ಅವಳ ಸೊಸೆಯ ಮಡಕೆಗೆ. ಒಂದು ಸಲ ನಡುದಾರಿಯಲ್ಲಿ ಕೆಂಡಕ್ಕೆ ಬೇಸರ ಬಂದು, "ನನ್ನ ಎಲ್ಲಿಗೆ ಕರ್ಕೊಂಡು ಓಯ್ತಿದ್ದೀಯೆ?" ಎಂದು ಕೇಳಿತಂತೆ. "ಆಲು ಉಕ್ಕೋ ಕಡೆಗೆ" ಎಂದಳಂತೆ ಮಡಕೆ ಹೊತ್ತವಳು. "ಅದು ಎಷ್ಟು ದೂರ?" "ನೀನು ಆರದೆ ಇದ್ರೆ ಅತ್ರ ಕಣೆ."

ಈ ಕಥೆಯನ್ನು ಚಿಕ್ಕನಂಜಮ್ಮ ತನ್ನ ಮೊಮ್ಮಗಳು ಬೆಟ್ಟಮ್ಮನಿಗೆ ನೂರು ಸಲ ಹೇಳಿದ್ದಳು. ಹೇಳಿ ಮುಗಿಸಿದಾಗೆಲ್ಲ ಅಡುಗೆಮನೆಯ ಕಡೆಗೆ ಬೆರಳು ತೋರಿಸಿ, "ಆ ಕೆಂಡವೇ ಇದು" ಎನ್ನುತ್ತಿದ್ದಳು. ಹನ್ನೊಂದು ವರ್ಷದ ಬೆಟ್ಟಮ್ಮ ಪ್ರತಿಸಲವೂ ಎದ್ದುಹೋಗಿ ಒಲೆಯೊಳಗೆ ಇಣುಕಿ ಬರುತ್ತಿದ್ದಳು.

ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದ ಸೊಸೆ ಮಹದೇವಮ್ಮ ಮಾತ್ರ ಆ ಮಾತು ಬಂದಾಗ ಕೋಲನ್ನು ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದಳು. ಮಳವಳ್ಳಿಯ ಆ ಮನೆಗೆ ಅವಳು ಸೊಸೆಯಾಗಿ ಬಂದು ಹದಿನಾಲ್ಕು ವರ್ಷ. ಒಂದು ದಿನವಾದರೂ ಅವಳು ತಾನಾಗಿ ಒಲೆ ಹೊತ್ತಿಸಿದವಳಲ್ಲ. ರಾತ್ರಿ ಕೆಂಡಕ್ಕೆ ಬೂದಿ ಹೊದಿಸಿ ಮಲಗಿಸುವವಳು ಅತ್ತೆ. ಬೆಳಿಗ್ಗೆ ಬೂದಿ ಕೆದಕಿ ಎಬ್ಬಿಸುವವಳೂ ಅತ್ತೆ. ದೀಪಕ್ಕೂ ಒಲೆಯಿಂದಲೇ ಕಿಡಿ. ಊರೆಲ್ಲ ಬೆಂಕಿಪೊಟ್ಟಣ ತಂದರೂ ಆ ಮನೆಗೆ ಬರಲಿಲ್ಲ. "ನಮ್ಮತ್ತೆಗೆ ಮಾತು ಕೊಟ್ಟಿವ್ನಿ. ಎಲ್ಲಿಗೋದ್ರೂ ಇದೇ ಬೆಂಕೀಲಿ ಆಲು ಉಕ್ಕಿಸ್ತೀನಿ ಅಂತ" ಎಂದರೆ ಚಿಕ್ಕನಂಜಮ್ಮನ ಮುಂದೆ ಇನ್ನು ಮಾತಿಲ್ಲ.

ಎರಡನೆಯ ಮಹಾಯುದ್ಧದ ಐದನೆಯ ಬೇಸಿಗೆಯಲ್ಲಿ, ಮಹದೇವಮ್ಮನ ಗಂಡ ಕರಿಸಿದ್ದಯ್ಯ ಮೇಷ್ಟ್ರಿಗೆ ತರೀಕೆರೆಯ ಸ್ಕೂಲಿಗೆ ವರ್ಗವಾಯಿತು. ಜೂನ್ ಮೊದಲ ವಾರ ಸ್ಕೂಲು ತೆರೆಯುವ ದಿನ ಅಲ್ಲಿ ಹಾಜರಿರಬೇಕು. ಪಾತ್ರೆ ಪಗಡೆಗಳನ್ನು ಗಾಡಿಯಲ್ಲಿ ಮದ್ದೂರಿಗೆ ಸಾಗಿಸಿ, ಅಲ್ಲಿಂದ ರೈಲಿಗೆ ಹಾಕಿದ್ದಾಯಿತು. ಜನಕ್ಕೂ ರೈಲೇ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು.

"ರೈಲಿನಲ್ಲಿ ಉರಿಯೋ ಬೆಂಕಿ ತರಕೂಡದು, ಅವ್ವ. ಅದು ಕಾನೂನು" ಎಂದರು ಮೇಷ್ಟ್ರು.

"ರೈಲೇ ಬೆಂಕಿ ತಿಂದು ಓಡ್ತದೆ. ಅವರ ಬೆಂಕಿ ಓಗಬೌದು, ನನ್ನದು ಓಗಕೂಡದಾ?"

"ತರೀಕೆರೇಲಿ ಬೆಂಕಿ ಸಿಗ್ತದೆ, ಅವ್ವ. ಅಲ್ಲೂ ಜನ ಅನ್ನ ಬೇಯಿಸಿಕೊಂಡೇ ತಿನ್ನೋದು."

"ಅಂಗಾರೆ ಅಲ್ಲಿ ಯಾವಳಾದ್ರೂ ಒಬ್ಬ ಅವ್ವನೂ ಸಿಗ್ತಾಳೆ. ನನ್ನ ಇಲ್ಲೇ ಬುಟ್ಟು ಓಗು."

ಮೂರು ದಿನ ಮನೆಯಲ್ಲಿ ಮುದ್ದೆ ಮೌನದಲ್ಲೇ ಇಳಿಯಿತು. ನಾಲ್ಕನೆಯ ದಿನ ಮೇಷ್ಟ್ರು ಸೋತು, ಬಾಡಿಗೆ ಕಾರಿನ ಹುಸೇನನನ್ನು ಮಾತಾಡಿಸಿ ಬಂದರು.

ಆ ವರ್ಷ ಪೆಟ್ರೋಲು ಯುದ್ಧಕ್ಕೆ ಹೋಗುತ್ತಿತ್ತು, ಕಾರುಗಳು ಇದ್ದಿಲು ತಿನ್ನುತ್ತಿದ್ದವು. ಹುಸೇನನ ಕಾರಿನ ಬೆನ್ನಿಗೆ ರಾಗಿ ತುಂಬಿಡುವ ಮಣ್ಣಿನ ವಾಡೆಯಷ್ಟು ಎತ್ತರದ ಕಬ್ಬಿಣದ ಒಲೆ. ಮೇಲೆ ಮುಚ್ಚಳ ತೆಗೆದು ಇದ್ದಿಲು ಸುರಿಯಬೇಕು, ಕೆಳಗೆ ಜಾಲರಿಯ ಮೇಲೆ ಅದು ಕೆಂಡವಾಗಬೇಕು, ಆ ಹೊಗೆಯನ್ನು ಕೊಳವೆಯಲ್ಲಿ ಕುಡಿದು ಕಾರು ಓಡಬೇಕು. ಚಿಕ್ಕನಂಜಮ್ಮ ಸುತ್ತ ಬಂದು ಅದನ್ನು ತಟ್ಟಿ ನೋಡಿದಳು.

"ಒಲೆ ಇರೋ ಕಾರು. ಇದು ಮನೆ ಇದ್ದಂಗದೆ. ಇದ್ರಲ್ಲಿ ಬತ್ತೀನಿ."

ಮಹದೇವಮ್ಮನಿಗೆ ಕಾರಾದರೂ ಒಂದೇ, ರೈಲಾದರೂ ಒಂದೇ. ಅವಳ ಸೊಂಟದ ಎಲೆಅಡಿಕೆ ಚೀಲದ ತಳದಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ಅಂಗಡಿಯಲ್ಲಿ ಕಾಸು ಕೊಟ್ಟರೂ ಸಿಗದ ಆ ದಿನಗಳಲ್ಲಿ ಅವಳ ತಮ್ಮ ಮೈಸೂರಿನಿಂದ ತಂದುಕೊಟ್ಟದ್ದು. ಹೊಸ ಊರಲ್ಲಿ, ಹೊಸ ಮನೆಯಲ್ಲಿ, ಒಂದೇ ಒಂದು ಸಲ ತನ್ನ ಕೈಯಾರೆ ಗೀರಬೇಕು. ಹೇಗೆ, ಯಾವಾಗ ಎಂಬುದು ಅವಳಿಗೇ ತಿಳಿದಿರಲಿಲ್ಲ. ಚೀಲವನ್ನು ಮುಟ್ಟಿ ನೋಡಿಕೊಂಡರೆ ಒಳಗೆ ಕಡ್ಡಿಗಳು ಗಲಗಲ ಎನ್ನುತ್ತಿದ್ದವು. ಅಷ್ಟರಲ್ಲೇ ಅವಳಿಗೆ ಸಂತೋಷ.

*

ಹೊರಟ ಬೆಳಿಗ್ಗೆ ಚಿಕ್ಕನಂಜಮ್ಮ ಮಣ್ಣಿನ ಮಡಕೆಯಲ್ಲಿ ಅರ್ಧ ಬೂದಿ, ನಡುವೆ ಕೆಂಡ, ಮೇಲೆ ತೆಂಗಿನ ನಾರು ಹಾಕಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಬೆಟ್ಟಮ್ಮ ಬೆರಣಿಯ ಬುಟ್ಟಿ ಹಿಡಿದಿದ್ದಳು. ಅರ್ಧ ಹರದಾರಿಗೊಂದು ಸಲ ಮಡಕೆಗೆ ಒಂದು ಚೂರು ಬೆರಣಿ.

"ಮುಂದೆ ಒಂದು ಒಲೆ, ಇಂದೆ ಒಂದು ಒಲೆ. ಮಧ್ಯದಲ್ಲಿ ನಾವು ಬೇಯ್ತಿದ್ದೀವಿ" ಎಂದಳು ಮಹದೇವಮ್ಮ.

"ಬೇಯದೆ ಇರೋದು ಯಾವತ್ತೂ ರುಚಿಯಾಗಿರಲ್ಲ ಕಣಮ್ಮಿ" ಎಂದಳು ಅತ್ತೆ.

ಮದ್ದೂರಿನಲ್ಲಿ ಹುಸೇನ್ ನೀರಿಗೂ ಇದ್ದಿಲಿಗೂ ಕಾರು ನಿಲ್ಲಿಸಿದ. ಮೇಷ್ಟ್ರು ಕಾಫಿಗೆ ಹೋದರು. ಮಹದೇವಮ್ಮ ಮಗಳನ್ನು ಕರೆದುಕೊಂಡು ಬಾವಿಯ ಕಡೆ ನಡೆದಳು. ಕಾರಿನ ಸುತ್ತ ಜನ ನೆರೆದಿತ್ತು. ಮುದುಕರು ಒಲೆಯನ್ನು ಮುಟ್ಟಿ ಕೈ ಸುಟ್ಟುಕೊಂಡು ನಗುತ್ತಿದ್ದರು. "ಎಷ್ಟು ಸೊಗಸಾಗದೆ ನೋಡು" ಎನ್ನುವವರೇ ಎಲ್ಲ. ಬಾವಿಕಟ್ಟೆಯಿಂದ ಮಹದೇವಮ್ಮ ತಿರುಗಿ ನೋಡಿದಾಗ ಅತ್ತೆ ಕೈಯಲ್ಲೇನೋ ಗಂಟು ಹಿಡಿದು ಕಾರಿಗೆ ಪ್ರದಕ್ಷಿಣೆ ಬರುತ್ತಿದ್ದಳು. ಕಾಲು ಜೋಮು ಹಿಡಿದಿರಬೇಕು ಎಂದುಕೊಂಡಳು.

ಕೊಪ್ಪದ ದಾರಿ ಹಿಡಿದು ಒಂದು ಮೈಲಿ ಹೋಗುವುದರೊಳಗೆ ಎಲ್ಲರಿಗೂ ಕೆಮ್ಮು. ಹುಸೇನ್ ಕಣ್ಣೊರೆಸಿಕೊಳ್ಳುತ್ತ, "ಯಾರ್ದೋ ಮನೇಲಿ ಒಗ್ಗರಣೆ ಸೀದೋಗದೆ ಮೇಷ್ಟ್ರೆ" ಎಂದ. ಸುತ್ತ ಒಂದು ಮನೆಯೂ ಇರಲಿಲ್ಲ. ಎರಡನೆಯ ಮೈಲಿಗೆ ಕಾರು ಒಂದು ಸಲ ಬಿಕ್ಕಿತು, ಎರಡು ಸಲ ಸೀನಿತು, ಗದ್ದೆಯ ಬದುವಿನ ಹತ್ತಿರ ನಿಂತೇಬಿಟ್ಟಿತು.

ಹುಸೇನ್ ಒಲೆಯ ಗಾಳಿಚಕ್ರ ತಿರುಗಿಸಿದ. ಮೇಷ್ಟ್ರು ತಿರುಗಿಸಿದರು. ಬಿಸಿಲು ನೆತ್ತಿಗೆ ಬಂತು. ಕಡೆಗೆ ಹುಚ್ಚೀರಯ್ಯ ಎಂಬ ಗದ್ದೆಯವನು ತನ್ನ ಜೋಡಿ ಎತ್ತುಗಳನ್ನು ಬಿಚ್ಚಿ ತಂದು ಕಾರಿಗೆ ಕಟ್ಟಿದ.

"ಎತ್ತು ಎಳೆಯೋದಾದ್ರೆ ಒಲೆ ಯಾಕಪ್ಪ ಒತ್ಕೊಂಡು ಬಂದ್ರಿ?" ಎಂದ ಹುಚ್ಚೀರಯ್ಯ.

"ಎತ್ತಿಗೆ ಅಡಿಗೆ ಮಾಡಾಕೆ" ಎಂದಳು ಚಿಕ್ಕನಂಜಮ್ಮ. ಮೇಷ್ಟ್ರು ಮುಖ ಸಿಂಡರಿಸಿದರು. ಬೆಟ್ಟಮ್ಮ ಮಾತ್ರ ನಕ್ಕು ನಕ್ಕು ಬೆರಣಿಯ ಬುಟ್ಟಿಯನ್ನು ಬೀಳಿಸಿದಳು.

*

ಎತ್ತುಗಳು ಕಾರನ್ನು ತಿರುಗಿ ಮದ್ದೂರಿಗೇ ಎಳೆದು ತಂದವು. ಅಲ್ಲಿ ಹುಸೇನನ ಚಿಕ್ಕಮ್ಮ ಸರ್ವರ್ ಬೇಗಂ ಇದ್ದಳು. ಅಗಲವಾದ ಅಂಗಳ, ಒಂದು ಪಕ್ಕ ಮನೆ, ಇನ್ನೊಂದು ಪಕ್ಕ ಖಾಲಿ ಬಿದ್ದಿದ್ದ ಗಾಡಿ ಕೊಟ್ಟಿಗೆ. ಗಂಡ ತೀರಿಕೊಂಡ ಮೇಲೆ ಗಾಡಿ ಮಾರಿದ್ದಳು. ಮಗಳು ಸುರಯ್ಯಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ.

"ಕೊಟ್ಟಿಗೆ ಗುಡಿಸಿಟ್ಟಿವ್ನಿ. ನಿಮ್ಮ ಒಲೆ ನೀವು ಹೂಡ್ಕಳಿ, ನಮ್ಮ ಒಲೆ ನಮಗದೆ. ಒಬ್ಬರ ಮಡಕೆ ಒಬ್ಬರು ಮುಟ್ಟೋದು ಬೇಡ. ಅಂಗಳ ಮಾತ್ರ ಇಬ್ಬರದೂವೆ" ಎಂದಳು ಸರ್ವರ್ ಬೇಗಂ. ಚಿಕ್ಕನಂಜಮ್ಮನಿಗೆ ಆ ಮಾತು ಒಪ್ಪಿತು. ಹೇಳಬೇಕೆಂದಿದ್ದುದನ್ನು ಇನ್ನೊಬ್ಬರೇ ಹೇಳಿಬಿಟ್ಟರೆ ಯಾರಿಗೆ ಹಿತವಾಗದು.

ಮೂರು ಕಲ್ಲು ಹೂಡಿ, ಮಡಕೆಯ ಕೆಂಡದಿಂದ ಒಲೆ ಹೊತ್ತಿಸಿದಳು ಅತ್ತೆ. ಬೇಲಿಯಲ್ಲಿ ಸಿಕ್ಕ ಸೊಪ್ಪು, ಗಂಟಿನಲ್ಲಿದ್ದ ಹೆಸರುಕಾಳು ಹಾಕಿ ಸೊಸೆ ಉಪ್ಸಾರಿಗಿಟ್ಟಳು. ಉಪ್ಪಿನ ಚೀಲಕ್ಕೆ ಕೈ ಹಾಕಿದಳು. ಚೀಲ ಖಾಲಿ. ಬೆಳಿಗ್ಗೆ ಮಳವಳ್ಳಿಯಲ್ಲಿ ತಾನೇ ಒಂದು ಸೇರು ಕಲ್ಲುಪ್ಪು ತುಂಬಿ ಕಟ್ಟಿದ್ದ ಚೀಲ. ಪಕ್ಕದ ಒಣಮೆಣಸಿನಕಾಯಿ ಗಂಟಿನಲ್ಲಿ ಬರೀ ತೊಟ್ಟು. ಚೀಲವನ್ನು ಒಳಹೊರಗು ಮಾಡಿ ಹಿಡಿದ ಮಹದೇವಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಬಹಳ ಶ್ರದ್ಧೆಯಿಂದ ಬೆರಣಿ ಮುರಿಯುತ್ತಿದ್ದಳು.

ಕೆಮ್ಮು, ಪ್ರದಕ್ಷಿಣೆ, ಕೈಯಲ್ಲಿದ್ದ ಗಂಟು. ಕಣ್ಣುಬಿದ್ದ ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ಯಾವ ಮನೆಯಲ್ಲಿಲ್ಲ. ಮಹದೇವಮ್ಮನಿಗೆ ಎಲ್ಲ ಒಟ್ಟಿಗೆ ಹೊಳೆದು, ನಗು ತಡೆಯಲಾರದೆ ಊದುಗೊಳವೆ ತೆಗೆದುಕೊಂಡು ಒಲೆ ಊದಲು ಬಗ್ಗಿದಳು. ಬಾಯಿ ಬಿಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅತ್ತೆಯ ಒಂದು ತಪ್ಪು ತನ್ನ ಕೈಗೆ ಸಿಕ್ಕಿದೆ. ಸಿಕ್ಕಿದ್ದನ್ನು ಮೊದಲ ದಿನವೇ ಖರ್ಚು ಮಾಡುವಷ್ಟು ದಡ್ಡಿಯಲ್ಲ ಅವಳು.

"ಉಪ್ಸಾರಿಗೆ ಉಪ್ಪೇ ಇಲ್ವಲ್ಲೆ" ಎಂದರು ಮೇಷ್ಟ್ರು, ಮುದ್ದೆ ಅದ್ದಿ.

"ದಾರೀಲಿ ಚೀಲ ಸೋರೋಯ್ತು" ಎಂದಳು ಮಹದೇವಮ್ಮ.

ಅತ್ತೆ ತಲೆಯೆತ್ತಿ ಸೊಸೆಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಏನೂ ಅರಿಯದವಳಂತೆ ಸಪ್ಪೆ ಸಾರನ್ನು ಸೊರ್ರೆಂದು ಕುಡಿದಳು. ಅಂಗಳದಾಚೆಯಿಂದ ಸರ್ವರ್ ಬೇಗಂ ಎಲೆಯಲ್ಲಿ ಒಂದು ಹಿಡಿ ಉಪ್ಪು ತಂದು ಕೊಟ್ಟಿಗೆಯ ಹೊಸಿಲ ಮೇಲಿಟ್ಟು ಹೋದಳು.

*

ಹುಸೇನ್ ಒಲೆ ಬಿಚ್ಚಿದ. ಕೆಳಗಿನ ಜಾಲರಿಗೆ ಹಸಿರು ಗಾಜಿನಂಥ ಕಿಟ್ಟ ಕಚ್ಚಿಕೊಂಡಿತ್ತು. ಕುಟ್ಟಿದರೆ ಕಿಟ್ಟದೊಂದಿಗೆ ಜಾಲರಿಯೂ ತುಂಡಾಯಿತು. ಅಂಥದನ್ನು ಮಂಡ್ಯದಲ್ಲೇ ಮಾಡಿಸಬೇಕು. ಎರಕದವನು ನಯಾಜ್ ಪಾಷಾ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿದೆಯೆಂದು ಕೈ ಎತ್ತಿ, ಆಮೇಲೆ ಹುಸೇನನ ಗೋಳು ನೋಡಿ, ಎರಡು ವಾರ ಕಾಯಿರಿ ಎಂದು ಹೇಳಿ ಕಳಿಸಿದ.

ಹೀಗೆ ಗಾಡಿ ಕೊಟ್ಟಿಗೆಯೇ ಮನೆಯಾಯಿತು. ಮೇಷ್ಟ್ರು ಬೆಳಿಗ್ಗೆ ಎದ್ದು ಕಾರನ್ನು ಒಂದು ಸಲ ಬೈದು ಹೊಳೆಗೆ ಸ್ನಾನಕ್ಕೆ ಹೋಗುತ್ತಿದ್ದರು. ಬೆಟ್ಟಮ್ಮ ದಿನವಿಡೀ ಸುರಯ್ಯಾಳ ಕೂಸಿನ ತೊಟ್ಟಿಲ ಪಕ್ಕ. ಚಿಕ್ಕನಂಜಮ್ಮನೂ ಸರ್ವರ್ ಬೇಗಮಳೂ ಅಂಗಳದ ನಡುವೆ ಬೆನ್ನಿಗೆ ಬೆನ್ನು ಕೊಟ್ಟಂತೆ ಕೂತು, ಒಬ್ಬಳು ಬತ್ತಿ ಹೊಸೆಯುತ್ತ, ಒಬ್ಬಳು ಕೂಸಿನ ಬಟ್ಟೆ ಹೊಲಿಯುತ್ತ, ತಮ್ಮ ತಮ್ಮ ಸಂಸಾರಗಳನ್ನು ಆಡಿಕೊಳ್ಳುತ್ತಿದ್ದರು.

"ನಿಮ್ಮ ಸೊಸೆ ಒಳ್ಳೇವಳು ಕಣಮ್ಮಾ. ಮಾತು ಕಮ್ಮಿ."

"ಮಾತು ಕಮ್ಮಿಯಾದೋರ ಹೊಟ್ಟೇಲಿ ಬೇಕಾದಷ್ಟು ಇರ್ತದೆ" ಎಂದಳು ಚಿಕ್ಕನಂಜಮ್ಮ, ಒಲೆಯ ಹತ್ತಿರವಿದ್ದ ಸೊಸೆಗೆ ಕೇಳುವ ಹಾಗೆ.

ಮೊದಲ ಶುಕ್ರವಾರ ದೀಪ ಹಚ್ಚಿದ ಮೇಲೆ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಳು. ಸರ್ವರ್ ಬೇಗಂ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಖಾಲಿ ಕರಟ.

"ಕೂಸು ಹೊಟ್ಟೆನೋವು ಅಂತ ಒಂದೇ ಸಮ ಅಳ್ತದೆ. ಓಮು ಬಿಸಿ ಮಾಡಿ ಕಾವು ಕೊಡಬೇಕು. ಸುರಯ್ಯಾ ತೂಕಡಿಸಿ ಒಲೆ ಆರಿಸಿಬುಟ್ಟವಳೆ. ಬೆಂಕಿಪೊಟ್ಟಣ ಈ ಬೀದೀಲೇ ಇಲ್ಲ. ಒಂದು ಕೆಂಡ ಕೊಡ್ತೀಯೇನವ್ವ?"

ಶುಕ್ರವಾರ, ದೀಪ ಹಚ್ಚಿದ ಮೇಲೆ ಮನೆಯ ಬೆಂಕಿ ಹೊಸಿಲು ದಾಟಬಾರದು. ಲಕ್ಷ್ಮಿ ಹಿಂದೆಯೇ ಹೋಗುತ್ತಾಳೆ. ಅತ್ತೆ ಮಳವಳ್ಳಿಯಲ್ಲಿ ಸ್ವಂತ ಅಕ್ಕನಿಗೇ ಇಲ್ಲವೆಂದಿದ್ದಳು. ಮಹದೇವಮ್ಮನ ಕೈ ಸೊಂಟದ ಚೀಲಕ್ಕೆ ಹೋಯಿತು. ಕಡ್ಡಿ ಕೊಟ್ಟರೆ ಯಾವ ನೇಮವೂ ಮುರಿಯುವುದಿಲ್ಲ. ಆದರೆ ಪೊಟ್ಟಣ ಹೊರಬಂದರೆ ಗುಟ್ಟೂ ಹೊರಬಂತು, ಮಗಳು ಬೆಟ್ಟಿ ಎದುರಿಗೇ ಕೂತಿದ್ದಾಳೆ. ಅಂಗಳದಾಚೆ ಕೂಸು ಉಸಿರುಗಟ್ಟಿ ಅತ್ತಿತು. ಮಹದೇವಮ್ಮ ಬೂದಿ ಕೆದಕಿ, ಎರಡು ದಪ್ಪ ಕೆಂಡಗಳನ್ನು ಆರಿಸಿ ಕರಟಕ್ಕೆ ಹಾಕಿದಳು.

"ನಮ್ಮತ್ತೆಗೆ ಏಳಬ್ಯಾಡಿ" ಎಂದಳು.

"ಯಾವುದನ್ನ?" ಎಂದಳು ಸರ್ವರ್ ಬೇಗಂ. ಕರಟವನ್ನು ಸೆರಗಿನ ಮರೆ ಮಾಡಿಕೊಂಡು ದಾಪುಗಾಲಿಟ್ಟು ಹೋದಳು.

*

ಎರಡನೆಯ ವಾರದ ಕೊನೆಗೆ ಮೇಷ್ಟ್ರೂ ಹುಸೇನನೂ ಜಾಲರಿ ತರಲು ಮಂಡ್ಯಕ್ಕೆ ರೈಲು ಹತ್ತಿದರು. ಬರುವಾಗ ಹನಕೆರೆ ಸ್ಟೇಷನ್ನಿನಲ್ಲಿ ಸೈನ್ಯದ ರೈಲಿಗೆ ದಾರಿ ಬಿಟ್ಟು ಮೂರು ಗಂಟೆ ಕಾದು, ಸಂಜೆಗೆ ಬೆವರಿನಲ್ಲಿ ತೊಯ್ದು, ಬರಿಗೈಯಲ್ಲಿ ಬಂದರು.

"ಇನ್ನೂ ಒಂದು ವಾರವಂತೆ" ಎಂದರು ಮೇಷ್ಟ್ರು, ಬಾಳೆಲೆಯ ಮುಂದೆ ಕೂತು. "ಕಿಟ್ಟ ನೋಡಿ ಆ ನಯಾಜ್ ಪಾಷಾ ಏನಂದ ಗೊತ್ತಾ? ಇದರಲ್ಲಿ ಉಪ್ಪು ಸೇರದೆ, ಕಾರನ್ನ ಸಮುದ್ರದಲ್ಲಿ ಓಡಿಸಿದ್ರಾ ಅಂತ. ಎಲ್ಲಾ ಆ ಮಳವಳ್ಳಿ ಇದ್ದಿಲಂಗಡಿ ಸಣ್ಣಯ್ಯನ ಕೆಲಸ. ಸೌಳುಮಣ್ಣು ಬೆರೆಸಿ ಇದ್ದಿಲು ಮಾರಿದಾನೆ. ನಾಳೆ ಅವನಿಗೆ ಕಾಗದ ಬರೀತೀನಿ. ಪೊಲೀಸಿಗೂ ಒಂದು."

"ಬರೀರಿ ಮೇಷ್ಟ್ರೆ. ಇಂಗ್ಲೀಷಲ್ಲಿ ಬರೀರಿ" ಎಂದ ಕೊಟ್ಟಿಗೆಯ ಹೊರಗೆ ನಿಂತಿದ್ದ ಹುಸೇನ್. "ಹೆದರಬೇಕು ಅವನು."

ಮಹದೇವಮ್ಮ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. ಸಣ್ಣಯ್ಯ ಪಾಪದವನು, ಅಂಗಡಿಗೆ ಬಾಗಿಲೂ ಸರಿಯಾಗಿಲ್ಲ. ಒಂದು ಮಾತು ಹೇಳಿದರೆ ಅವನು ಉಳಿಯುತ್ತಾನೆ. ಅವಳು ಅತ್ತೆಯನ್ನು ನೋಡಿದಳು. ಅತ್ತೆ ಅವಳನ್ನು ನೋಡುತ್ತಿದ್ದಳು. ಇಬ್ಬರ ನಡುವೆ ಸಾರು ಕುದಿಯುತ್ತಿತ್ತು.

"ಸಣ್ಣಯ್ಯನ ಸುದ್ದಿ ಬುಡ್ಲಾ" ಎಂದಳು ಚಿಕ್ಕನಂಜಮ್ಮ. "ಉಪ್ಪು ನಾನು ಆಕಿದ್ದು."

ಮೇಷ್ಟ್ರ ಕೈಯ ತುತ್ತು ಅಲ್ಲೇ ನಿಂತಿತು.

"ಅವತ್ತು ಕಾರಿನ ಸುತ್ತ ಜನ ನೋಡಿದ್ಯಾ? ಒಬ್ಬೊಬ್ಬನ ಕಣ್ಣೂ ಇಷ್ಟಿಷ್ಟು ದಪ್ಪ. ಕಾರಿಗೆ ದಿಷ್ಟಿ ಆಯ್ತದೆ ಅಂತ ನಿವಾಳಿಸಿ ಒಲೆಗಾಕಿದೆ."

"ನಿನ್ನ ಮಡಕೇಲಿ ಬೆಂಕಿ ಇರಲಿಲ್ವಾ ಅವ್ವ?"

"ದೇವರ ಬೆಂಕಿಗೆ ಊರ ದಿಷ್ಟಿ ಆಕ್ತಾರೇನ್ಲಾ?"

"ಎಷ್ಟು ಹಾಕಿದ್ರಿ ಅಮ್ಮಾ?" ಎಂದು ಹುಸೇನ್ ಮೆಲ್ಲಗೆ ಕೇಳಿದ.

"ಕೂಸಿಗೆ ಒಂದು ಮುಷ್ಟಿ ಸಾಕು. ಕಾರು ಎಷ್ಟು ದೊಡ್ಡದದೆ, ನೀನೇ ಏಳು. ಒಂದು ಸೇರು."

ಹುಸೇನ್ ತಲೆಯ ಮೇಲೆ ಕೈಯಿಟ್ಟುಕೊಂಡು ಕುಕ್ಕರಿಸಿದ. ಅವನ ಭುಜ ಕುಣಿಯುತ್ತಿದ್ದುದನ್ನು ನೋಡಿ ಅಳುತ್ತಿದ್ದಾನೆಂದು ಬೆಟ್ಟಮ್ಮನಿಗೆ ಗಾಬರಿಯಾಯಿತು. ಅವನು ನಗುತ್ತಿದ್ದ. ಅಂಗಳದಾಚೆಯಿಂದ ಸರ್ವರ್ ಬೇಗಮಳ ದನಿ ಕೇಳಿತು. "ಉಪ್ಪು ತಿಂದೋನು ನೀರು ಕುಡೀಲೇಬೇಕಲ್ಲ. ಕಾರಿಗೂ ಒಂದು ಚೊಂಬು ನೀರು ಕೊಡು ಹುಸೇನ್."

ಮೇಷ್ಟ್ರು ಕೋಪಿಸಿಕೊಳ್ಳಲು ಮುಖವನ್ನು ಎಲ್ಲ ದಿಕ್ಕಿನಿಂದಲೂ ಸಿದ್ಧಪಡಿಸಿಕೊಂಡರು. ಆದರೆ ನಗು ಮೊದಲು ಬಂದುಬಿಟ್ಟಿತು. ಜಾಲರಿಯ ದುಡ್ಡು ತಾನೇ ಕೊಡುವುದಾಗಿ ಚಿಕ್ಕನಂಜಮ್ಮ ತನ್ನ ಕಡಗ ಬಿಚ್ಚಲು ಹೋದಾಗ ಹುಸೇನ್, "ಅಮ್ಮಾ, ಈ ಕಥೆ ಹೇಳ್ಕೊಂಡು ಇನ್ನು ಹತ್ತು ವರ್ಸ ಬಾಡಿಗೆ ಹಿಡೀತೀನಿ. ಕಡಗ ಕೈಯಲ್ಲೇ ಇರಲಿ" ಎಂದ.

*

ಮೂರನೆಯ ವಾರ ಶಿವಪುರದಲ್ಲಿದ್ದ ಚಿಕ್ಕನಂಜಮ್ಮನ ಅಕ್ಕನ ಮಗಳು ಪುಟ್ಟಮಾದಮ್ಮ ಬಂದು, ಒಂದು ದಿನವಾದರೂ ನಮ್ಮನೇಲಿ ಉಣ್ಣಬೇಕೆಂದು ಹಟ ಹಿಡಿದಳು. ಚಿಕ್ಕನಂಜಮ್ಮ ಹೋಗುತ್ತೇನೆಂದಳು, ಬೆಂಕಿ ಬಿಟ್ಟು ಹೇಗೆಂದಳು, ಮತ್ತೆ ಹೋಗುತ್ತೇನೆಂದಳು. ಕಡೆಗೆ ಸೊಸೆಯನ್ನು ಕರೆದು ಮಡಕೆಯ ಮುಂದೆ ಕೂರಿಸಿದಳು.

"ಒತ್ತಾರೆ ಒಂದು ಬೆರಣಿ, ಮಧ್ಯಾನಕ್ಕೊಂದು, ದೀಪದೊತ್ತಿಗೊಂದು. ಬೂದಿ ದಪ್ಪ ಆಗಬಾರದು, ಉಸಿರು ಕಟ್ತದೆ. ತೆಳ್ಳಗಾಗಬಾರದು, ಉರುದು ಓಯ್ತದೆ. ನಾಳೆ ಬತ್ತೀನಿ. ತಿಳೀತಾ?"

"ಹದಿನಾಲ್ಕು ವರ್ಸದಿಂದ ನೋಡ್ತಿವ್ನಿ ಅತ್ತೆಮ್ಮ."

"ನೋಡೋದು ಬೇರೆ ಕಣೆ."

ಮೊದಲ ಸಲ ಮಡಕೆ ಅವಳ ಕೈಗೆ ಬಂದಿತ್ತು. ಮಹದೇವಮ್ಮ ಆ ದಿನ ನೀರಿಗೆ ಹೋದರೂ ಓಡಿ ಬಂದಳು. ಮಧ್ಯಾಹ್ನದ ಬೆರಣಿ ಹಾಕಿದಳು. ಮೂರು ಗಂಟೆಯ ಹೊತ್ತಿಗೆ ಆಕಾಶ ಕಪ್ಪಾಗಿ, ಗಾಳಿ ಎದ್ದು, ಒಣಹಾಕಿದ್ದ ಕೂಸಿನ ಬಟ್ಟೆಗಳೆಲ್ಲ ಹಾರಿ ಬೇಲಿಗೆ ಸಿಕ್ಕಿಕೊಂಡವು. ಅವಳೂ ಬೆಟ್ಟಿಯೂ ಸುರಯ್ಯಾಳೊಂದಿಗೆ ಅವನ್ನು ಬಿಡಿಸಿ ತರುವಷ್ಟರಲ್ಲಿ ಆನೆಕಲ್ಲು ಸಮೇತ ಮಳೆ ಬಿತ್ತು. ಕೊಟ್ಟಿಗೆಗೆ ಓಡಿಬಂದು ನೋಡಿದರೆ ಸೂರಿನ ಹುಲ್ಲು ಒಂದು ಕಡೆ ಹಾರಿಹೋಗಿ, ನೀರು ಧಾರೆಯಾಗಿ ಸರಿಯಾಗಿ ಮಡಕೆಯೊಳಕ್ಕೇ ಬೀಳುತ್ತಿತ್ತು. ಒಲೆಯ ಮೂರು ಕಲ್ಲುಗಳ ನಡುವೆ ಕೊಚ್ಚೆ.

ಮಹದೇವಮ್ಮ ಮಡಕೆಗೆ ಕೈ ಹಾಕಿದಳು. ತಣ್ಣಗಿತ್ತು. ಬೂದಿ ಗಂಜಿಯಾಗಿತ್ತು.

"ಅವ್ವ, ಕೆಂಡ?" ಎಂದಳು ಬೆಟ್ಟಿ.

ಮಹದೇವಮ್ಮ ಚೀಲ ಬಿಚ್ಚಿ ಬೆಂಕಿಪೊಟ್ಟಣ ತೆಗೆದಳು. ಬೆಟ್ಟಿಯ ಕಣ್ಣರಳಿತು. ಒಂದು ಕಡ್ಡಿ, ಒಂದು ಹಿಡಿ ನಾರು, ಒಂದು ಒಣ ಬೆರಣಿ. ನಾಳೆ ಅತ್ತೆ ಬರುವಷ್ಟರಲ್ಲಿ ಹೊಸ ಕೆಂಡ ಹಳೆಯ ಬೂದಿ ಹೊದ್ದು ಮಲಗಿರುತ್ತದೆ. ಯಾರಿಗೆ ಗೊತ್ತಾದೀತು? ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೆ? ಅವಳು ಕಡ್ಡಿಯನ್ನು ಪೊಟ್ಟಣದ ಪಕ್ಕಕ್ಕೆ ಒತ್ತಿ ಹಿಡಿದಳು. ಗೀರಲಿಲ್ಲ. ತರೀಕೆರೆಯಲ್ಲಿ ಅತ್ತೆ ಹಾಲಿನ ಮುಂದೆ ಕೈ ಮುಗಿದು ಕೂತಾಗ, ತಾನು ಪಕ್ಕದಲ್ಲಿ ಕೂತು ಯಾವ ಮುಖದಿಂದ ಆ ಹಾಲನ್ನು ನೋಡುವುದು?

"ಆ ಕೂಸಿನ ಮನೇಲಿ ಒಗೆ ಬತ್ತದೆ" ಎಂದಳು ಬೆಟ್ಟಿ, ಮೂಗೊರೆಸಿಕೊಳ್ಳುತ್ತ. "ಅವರ್ದು ಆರೇ ಇಲ್ಲ."

ಮಹದೇವಮ್ಮ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ ಎದ್ದಳು. ಮಳೆಯಲ್ಲೇ ಅಂಗಳ ದಾಟಿ ಸರ್ವರ್ ಬೇಗಮಳ ಅಡುಗೆಮನೆಯ ಬಾಗಿಲಿಗೆ ನಿಂತಳು. ಮೈಯಿಂದ ನೀರು ಸುರಿಯುತ್ತಿತ್ತು.

"ಅಕ್ಕ, ಅವತ್ತು ನಾನು ಕೊಟ್ಟ ಬೆಂಕಿ ಏನಾಯ್ತು?"

"ಏನಾಯ್ತದೆ? ಅಗೋ." ಸರ್ವರ್ ಬೇಗಂ ಒಲೆಯತ್ತ ತೋರಿಸಿದಳು. "ಬಾಣಂತಿ ಮನೆ, ಬಿಸಿನೀರು ಬೇಕೇ ಬೇಕು. ಕಡ್ಡಿ ಸಿಗಲ್ಲ. ಅವತ್ತಿಂದ ನಾನೂ ಸುರಯ್ಯಾನೂ ಸರದಿ ಮೇಲೆ ಕಾಯ್ತಿದ್ದೀವಿ. ಒಂದು ಗಳಿಗೆ ಆರಿಲ್ಲ."

ಮಹದೇವಮ್ಮ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಸುರಯ್ಯಾ ಬಗ್ಗಿ ನೋಡಿದಳು. ಸರ್ವರ್ ಬೇಗಂ ಏನನ್ನೂ ಕೇಳದೆ, ಅದೇ ಕರಟವನ್ನು ಗೂಡಿನಿಂದ ತೆಗೆದು, ಜಾಲಿ ಸೌದೆಯ ಕೆಂಪು ಕೆಂಡಗಳನ್ನು ತುಂಬಿ, ಮೇಲೊಂದು ತಟ್ಟೆ ಮುಚ್ಚಿ ಕೊಟ್ಟಳು.

"ನೀನು ಎರಡು ಕೊಟ್ಟಿದ್ದೆ. ನಾನು ನಾಲ್ಕು ಹಾಕಿವ್ನಿ. ಬಡ್ಡಿ" ಎಂದಳು.

*

ಮರುದಿನ ಚಿಕ್ಕನಂಜಮ್ಮ ಬಂದವಳೇ ಮಡಕೆಯ ಮುಂದೆ ಕೂತು ಬೂದಿ ಕೆದಕಿದಳು. ಬಹಳ ಹೊತ್ತು ನೋಡಿದಳು. ಮಹದೇವಮ್ಮ ತಲೆಯೆತ್ತದೆ ರಾಗಿ ಬೀಸುತ್ತಿದ್ದಳು. "ಹ್ಞೂ" ಎಂದಳು ಅತ್ತೆ. ಅಷ್ಟೇ.

ಜಾಲರಿ ಬಂತು. ಕಾರು ಎರಡು ಸಲ ಸೀನಿ, ಎದ್ದು ನಿಂತಿತು. ಹೊರಡುವ ದಿನ ಸರ್ವರ್ ಬೇಗಂ ದಾರಿಗೆಂದು ಕಡಲೆ, ಬೆಲ್ಲ, ಒಂದು ಪುಟ್ಟ ಗಂಟು ಉಪ್ಪು ಕೊಟ್ಟಳು. ಉಪ್ಪನ್ನು ಹುಸೇನ್ ಇಸಿದುಕೊಂಡು ತನ್ನ ಸೀಟಿನ ಕೆಳಗೆ ಭದ್ರಪಡಿಸಿದ. "ಇದು ತರೀಕೆರೇಲೇ ಕೊಡೋದು" ಎಂದ. ಕಾರು ಬೀದಿ ತಿರುಗುವವರೆಗೂ ಸುರಯ್ಯಾ ಕೂಸಿನ ಕೈ ಹಿಡಿದು ಆಡಿಸುತ್ತಿದ್ದಳು. ಬೆಟ್ಟಿ ಕೊಪ್ಪ ದಾಟುವ ತನಕ ಅತ್ತು, ನಾಗಮಂಗಲದಲ್ಲಿ ಬೆಲ್ಲ ತಿಂದು ಸುಮ್ಮನಾದಳು.

ಎರಡನೆಯ ದಿನ ಸಂಜೆ ತರೀಕೆರೆ. ಸ್ಕೂಲು ತೆರೆಯಲು ಇನ್ನೂ ಒಂದು ದಿನ ಬಾಕಿಯಿತ್ತು. ಹೆಂಚಿನ ಸಣ್ಣ ಮನೆ. ಸಾಮಾನುಗಳು ಮೂಲೆಯಲ್ಲಿ ಮೂಟೆಯಾಗಿ ಬಿದ್ದಿದ್ದವು. ಒಳಗೆ ಕತ್ತಲೆ. ಪಕ್ಕದ ಮನೆಯವರು ಒಂದು ಚೊಂಬು ಹಾಲು ಕೊಟ್ಟು ಹೋದರು. ಬೆಟ್ಟಿ ಹಿಂದಿನ ಹಿತ್ತಲಿನಿಂದ ಮೂರು ಕಲ್ಲು ತಂದಳು. ಚಿಕ್ಕನಂಜಮ್ಮ ಮಡಕೆಯ ಕೆಂಡವನ್ನು ಕಲ್ಲುಗಳ ನಡುವೆ ಸುರಿದು, ಊದುಗೊಳವೆಯನ್ನು ಬಾಯಿಗೆ ಹಿಡಿದವಳು, ಹಾಗೇ ಕೆಳಗಿಳಿಸಿ ಸೊಸೆಯ ಕೈಗೆ ಕೊಟ್ಟಳು.

"ನೀನು ಊದು. ಜಾಲಿ ಕೆಂಡ, ಬೇಗ ಏಳ್ತದೆ. ಸರ್ವರಮ್ಮನ ಮನೇಲಿ ಒಳ್ಳೆ ಸೌದೆ."

ಮಹದೇವಮ್ಮ ಊದಿ, ಎದ್ದ ಉರಿಯ ಮೇಲೆ ಹಾಲಿನ ಹೊಸ ಮಡಕೆ ಇಟ್ಟು, ಅತ್ತೆಯತ್ತ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಅರವತ್ತು ವರ್ಸ ಬೂದಿ ಕೆದಕಿದ ಕೈ ಕಣೆ ಇದು. ನಾನು ಇಟ್ಟೋಗಿದ್ದು ಬೆರಣಿ ಕೆಂಡ, ಬಂದು ನೋಡಿದ್ದು ಜಾಲಿ ಕೆಂಡ. ಆ ಸರ್ವರಮ್ಮನ್ನ ಇಡ್ದು ಕೇಳ್ದೆ. ಏಳಲ್ಲ ಏಳಲ್ಲ ಅಂತಾನೇ ಎಲ್ಲಾ ಏಳಿದ್ಲು. ಸುಕ್ರವಾರದ್ದೂ ಏಳಿದ್ಲು."

"ಮತ್ತೆ ಯಾಕೆ ನನ್ನ ಬಯ್ಯಲಿಲ್ಲ?"

"ನೀನು ಉಪ್ಪಿನ ಚೀಲ ನೋಡಿ ನನ್ನ ಬಯ್ದ್ಯಾ?"

ಮೇಷ್ಟ್ರು ಮೂಟೆ ಬಿಚ್ಚುತ್ತಿದ್ದವರು ತಲೆಯೆತ್ತಿ, "ಯಾವ ಸುಕ್ರವಾರ?" ಎಂದರು.

"ನಿನ್ನ ಕೆಲಸ ನೋಡ್ಲಾ" ಎಂದರು ಇಬ್ಬರೂ ಒಟ್ಟಿಗೆ.

ಮಹದೇವಮ್ಮ ತಟ್ಟನೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗಂಡನಿಗೆ 'ಲಾ' ಎಂದದ್ದು ಜನ್ಮದಲ್ಲಿ ಮೊದಲು. ಮೇಷ್ಟ್ರು ಅತ್ತ ಇತ್ತ ನೋಡಿ, ಈ ಮನೆಯಲ್ಲಿ ತನ್ನ ಕಾಲ ಮುಗಿಯಿತೆಂದುಕೊಂಡು ಮತ್ತೆ ಮೂಟೆಗೆ ಬಗ್ಗಿದರು.

"ಕತ್ತಲೇಲಿ ಆಲು ಉಕ್ಕೋದು ಎಂಗೆ ಕಾಣ್ತದೆ?" ಎಂದಳು ಚಿಕ್ಕನಂಜಮ್ಮ. "ದೀಪ ಅಚ್ಚು. ನಿನ್ನ ಚೀಲದಲ್ಲಿ ಅದೆಯಲ್ಲ, ಗಲಗಲ ಅನ್ನೋದು, ಅದ್ರಲ್ಲೇ ಅಚ್ಚು. ಮಳವಳ್ಳಿಯಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗದೆ. ಒಲೆಗೆ ನಮ್ಮತ್ತೆ ಬೆಂಕಿ, ದೀಪಕ್ಕೆ ನಿಂದು."

ಮಹದೇವಮ್ಮ ಗೂಡಿನಲ್ಲಿದ್ದ ಹಣತೆಗೆ ಎಣ್ಣೆ ಬಿಟ್ಟಳು. ಪೊಟ್ಟಣ ತೆಗೆದಳು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಚುರ್ರೆಂದು ಹತ್ತಿ, ಅವಳ ಮುಖದ ಮೇಲೆ, ಗೋಡೆಯ ಮೇಲೆ, ಬೆಟ್ಟಿಯ ತೆರೆದ ಬಾಯಿಯ ಮೇಲೆ ಬೆಳಕು ಚೆಲ್ಲಿತು. ಬತ್ತಿಗೆ ಹಿಡಿದು, ಕಡ್ಡಿ ಬೆರಳಿನವರೆಗೆ ಉರಿದು ಬರುವ ತನಕ ಅದನ್ನು ಆರಿಸದೆ ನಿಂತಿದ್ದಳು.

"ಅವ್ವ, ಆಲು" ಎಂದಳು ಬೆಟ್ಟಿ.

ಹೊಸ ಮಡಕೆಯ ಅಂಚಿಗೆ ಹಾಲು ಬೆಳ್ಳಗೆ ಎದ್ದು ಬಂತು. ಒಂದು ಕ್ಷಣ ಅಲ್ಲೇ ನಿಂತು ಯೋಚಿಸಿದಂತೆ ಮಾಡಿ, ಮೂಡಲ ಕಡೆಗೆ ಹೊರಳಿ, ಕೆಂಡದ ಮೇಲೆ ಚೊಯ್ಯೆಂದು ಉಕ್ಕಿ ಹರಿಯಿತು.